ಮೀಟರ್ ಮುಳ್ಳು ಮಲಗಿದರೆ ಮೊದಲು ಕೇಬಲ್ ನೋಡಿ

ಹಳೇ ಬೈಕಿನ ಮೀಟರ್ ನಿಂತುಹೋದರೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. "ಗಾಡಿ ಓಡ್ತಾ ಇದೆಯಲ್ಲ, ಮೀಟರ್ ಯಾತಕ್ಕೆ?" ಅನ್ನುತ್ತಾರೆ. ಹಳ್ಳಿ ಕಡೆ ಎಷ್ಟೋ ಬೈಕುಗಳ ಮುಳ್ಳು ವರ್ಷಗಟ್ಟಲೆ ಸೊನ್ನೆಯಲ್ಲೇ ಮಲಗಿರುತ್ತದೆ. ಬ್ರೇಕ್ ಹೋದರೆ ಅವತ್ತೇ ಮೆಕ್ಯಾನಿಕ್ ಹತ್ತಿರ ಓಡುತ್ತೇವೆ. ಮೀಟರ್ ಹೋದರೆ ಮುಂದಿನ ಸುಗ್ಗಿಗೆ ನೋಡೋಣ ಅನ್ನುತ್ತೇವೆ.

ನನ್ನ ಪ್ರಕಾರ ಬೈಕಿನಲ್ಲಿ ಮಾಲು ಸಾಗಿಸುವ ರೈತನಿಗೆ ಮೀಟರ್ ಅಂದರೆ ತಕ್ಕಡಿ ಇದ್ದ ಹಾಗೆ. ತಕ್ಕಡಿ ಇಲ್ಲದೆ ಕಾಳು ಮಾರಿದರೆ ಏನಾಗುತ್ತದೋ ಮೀಟರ್ ಇಲ್ಲದೆ ಮಾಲು ಸಾಗಿಸಿದರೂ ಅದೇ ಆಗುತ್ತದೆ. ಇದನ್ನು ಸರಿ ಮಾಡಿಕೊಳ್ಳಲು ಬಹಳ ಸಲ ಒಂದೆರಡು ಲೀಟರ್ ಪೆಟ್ರೋಲಿನ ಬೆಲೆಯ ಕೇಬಲ್ ಸಾಕು. ಕೆಲಸವೂ ಅರ್ಧ ಗಂಟೆಯದು. ಆದರೆ ಎಲ್ಲಿ ಕೆಟ್ಟಿದೆ ಎಂದು ನೋಡದೆ ಕೈ ಹಾಕಿದರೆ ಕೆಡದೇ ಇರುವ ಮೀಟರಿಗೆ ದುಡ್ಡು ಹಾಕಬೇಕಾಗುತ್ತದೆ. ಅದಕ್ಕೇ ಈ ಬರಹ.

ಮೊದಲು ಲೆಕ್ಕ

ನಮ್ಮದು ಮಾಗಡಿ ಕಡೆಯ ಮಳೆ ಆಶ್ರಯದ ಹೊಲ. ರಾಗಿ, ಅದರ ಸಾಲಿನಲ್ಲಿ ಅವರೆ, ಸ್ವಲ್ಪ ಹುರುಳಿ. ಧನುರ್ಮಾಸದ ಚಳಿಗೆ ಸೊಗಡಿನ ಅವರೆಕಾಯಿ ಬಂದಾಗ ವಾರಕ್ಕೆ ಎರಡು ಸಲ ಬೈಕಿನಲ್ಲಿ ಬೆಂಗಳೂರಿಗೆ ಹೋಗುತ್ತೇನೆ. ಶೇಷಾದ್ರಿಪುರಂನಲ್ಲಿ ನನ್ನ ತಮ್ಮನ ಮನೆ ಇದೆ. ಅಲ್ಲಿಯ ಮತ್ತು ಪಕ್ಕದ ಮಲ್ಲೇಶ್ವರದ ಗೊತ್ತಿರುವ ಮನೆಗಳಿಗೆ ಕಾಯಿ ಕೊಟ್ಟು ಬರುತ್ತೇನೆ. ಹೋಗಿಬರಲು ಸುಮಾರು 110 ಕಿ.ಮೀ.

ಒಂದು ಸಲಕ್ಕೆ 50 ಕಿಲೋ ಕಾಯಿ ಹೇರುತ್ತೇನೆ ಅಂದುಕೊಳ್ಳಿ. ಹೊರೆ ಇದ್ದಾಗ ಬೈಕು ಲೀಟರಿಗೆ 50 ಕಿ.ಮೀ. ಕೊಟ್ಟರೆ 2.2 ಲೀಟರ್ ಪೆಟ್ರೋಲ್ ಬೇಕು. ಲೆಕ್ಕಕ್ಕೆ ಸುಲಭವಾಗಲಿ ಅಂತ ಲೀಟರಿಗೆ 100 ರೂಪಾಯಿ ಹಿಡಿಯೋಣ. 220 ರೂಪಾಯಿ ಆಯಿತು. ಕಿಲೋಗೆ 4 ರೂಪಾಯಿ 40 ಪೈಸೆ ಸಾಗಣೆ ಬಿತ್ತು. ಅದೇ ಬೈಕು ಏರ್ ಫಿಲ್ಟರ್ ಕಟ್ಟಿಕೊಂಡೋ, ಬ್ರೇಕ್ ಹಿಡಿದುಕೊಂಡೋ, ಟೈರಿನಲ್ಲಿ ಗಾಳಿ ಕಡಿಮೆಯಾಗಿಯೋ ಲೀಟರಿಗೆ 40ಕ್ಕೆ ಇಳಿದರೆ 2.75 ಲೀಟರ್ ಬೇಕು. ಆಗ ಕಿಲೋಗೆ 5 ರೂಪಾಯಿ 50 ಪೈಸೆ. ಊರಿಗೇ ಬರುವ ವ್ಯಾಪಾರಿ ಬೆಂಗಳೂರಿನ ಬೆಲೆಗಿಂತ 5 ರೂಪಾಯಿ ಕಡಿಮೆ ಕೊಟ್ಟರೆ ಮೊದಲನೇ ಲೆಕ್ಕದಲ್ಲಿ ಪಟ್ಟಣಕ್ಕೆ ಹೋಗುವುದರಿಂದ ಅರವತ್ತು ಪೈಸೆ ಲಾಭ. ಎರಡನೇ ಲೆಕ್ಕದಲ್ಲಿ ಐವತ್ತು ಪೈಸೆ ನಷ್ಟ, ಮೇಲೆ ಒಂದು ದಿನದ ಮೈ ನೋವು ಬೇರೆ.

ಮೈಲೇಜ್ ಇಳಿದಿದೆ ಎಂದು ನಮಗೆ ಹೇಳುವುದು ಮೀಟರಿನ ಕಿ.ಮೀ. ಅಂಕಿ ಮಾತ್ರ. ಪೆಟ್ರೋಲ್ ಹಾಕಿಸಿದಾಗೆಲ್ಲ ಅಂಕಿ ಬರೆದಿಟ್ಟರೆ ಎರಡು ಮೂರು ಸಲದಲ್ಲೇ ಗೊತ್ತಾಗುತ್ತದೆ. ಎಂಜಿನ್ ಆಯಿಲ್ ಬದಲಿಸುವುದೂ ಕಿ.ಮೀ. ಲೆಕ್ಕದ ಮೇಲೆಯೇ. ಮೀಟರ್ ಸತ್ತ ಬೈಕಿನ ಆಯಿಲ್ ನೆನಪಾದಾಗ ಬದಲಾಗುತ್ತದೆ, ಇಲ್ಲದಿದ್ದರೆ ಇಲ್ಲ.

ಕಾನೂನೂ ಉಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 117ನೆಯದು ವೇಗ ತೋರಿಸುವ ಮೀಟರಿನದೇ. ಸ್ವಂತ ಬಳಕೆಯ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಲು ಆರ್.ಟಿ.ಓ. ಕಚೇರಿಗೆ ಗಾಡಿ ತೋರಿಸಬೇಕು. ನವೀಕರಣ 5 ವರ್ಷಕ್ಕೆ. ಹಳೇ ಗಾಡಿ ಇಟ್ಟುಕೊಂಡವರು ಆ ದಿನ ಬರುವ ಮುಂಚೆಯೇ ಮೀಟರ್ ಸರಿ ಮಾಡಿಕೊಂಡಿರುವುದು ಒಳ್ಳೆಯದು.

ಒಳಗೆ ಏನು ನಡೆಯುತ್ತದೆ

ಮೀಟರ್ ಕೆಲಸದಲ್ಲಿ ಮೂರು ಭಾಗ. ಕೆಳಗೆ ಮುಂದಿನ ಚಕ್ರದ ಹಬ್‌ನಲ್ಲಿ ಒಂದು ಚಿಕ್ಕ ಗೇರ್. ಮೇಲೆ ಮೀಟರ್. ನಡುವೆ ಕೇಬಲ್.

ಕೇಬಲ್ ಅಂದರೆ ಬ್ರೇಕ್, ಕ್ಲಚ್ ಕೇಬಲಿನ ಹಾಗೆ ಎಳೆಯುವುದಲ್ಲ, ಇದು ತಿರುಗುವುದು. ಹೊರಗೆ ಕೊಳವೆ, ಅದಕ್ಕೆ ಔಟರ್ ಅನ್ನುತ್ತಾರೆ. ಒಳಗೆ ಸಣ್ಣ ಸಣ್ಣ ತಂತಿಗಳನ್ನು ಪದರ ಪದರವಾಗಿ, ಒಂದು ಪದರ ಬಲಕ್ಕೆ, ಇನ್ನೊಂದು ಎಡಕ್ಕೆ ಸುತ್ತಿ ಮಾಡಿದ ಇನ್ನರ್. ಅದರ ತುದಿಗಳು ಚೌಕವಾಗಿಯೋ ಚಪ್ಪಟೆಯಾಗಿಯೋ ಇರುತ್ತವೆ. ಚಕ್ರ ತಿರುಗಿದರೆ ಗೇರ್ ತಿರುಗುತ್ತದೆ, ಗೇರ್ ಇನ್ನರನ್ನು ತಿರುಗಿಸುತ್ತದೆ, ಇನ್ನರ್ ಮೀಟರನ್ನು ತಿರುಗಿಸುತ್ತದೆ.

ಮೀಟರಿನ ಒಳಗೆ ಇನ್ನರ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಅದಕ್ಕೆ ತಾಗದ ಹಾಗೆ ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಅಯಸ್ಕಾಂತ ಜೋರಾಗಿ ತಿರುಗಿದಷ್ಟೂ ಬಟ್ಟಲನ್ನು ತನ್ನ ಜೊತೆ ಸೆಳೆಯುತ್ತದೆ. ಒಂದು ಸಣ್ಣ ಸುರುಳಿ ಸ್ಪ್ರಿಂಗ್ ಬಟ್ಟಲನ್ನು ಹಿಂದಕ್ಕೆ ಹಿಡಿದಿರುತ್ತದೆ. ಈ ಎಳೆದಾಟದಲ್ಲಿ ಬಟ್ಟಲು ಎಲ್ಲಿ ನಿಲ್ಲುತ್ತದೋ ಮುಳ್ಳು ಅಲ್ಲಿ ನಿಲ್ಲುತ್ತದೆ. 1902ರಲ್ಲಿ ಜರ್ಮನಿಯ ಒಟ್ಟೋ ಶುಲ್ಟ್ಸೆ ಎಂಬುವರು ಇದಕ್ಕೆ ಪೇಟೆಂಟ್ ತೆಗೆದುಕೊಂಡರು. ನಮ್ಮ ಹಳೇ ಬೈಕು, ಸ್ಕೂಟರ್, ಜೀಪುಗಳಲ್ಲಿ ಇರುವುದು ಅದೇ ಉಪಾಯ.

ಕಿ.ಮೀ. ಅಂಕಿಗಳದು ಬೇರೆ ದಾರಿ. ಅವು ಅಯಸ್ಕಾಂತದ ಸೆಳೆತದಿಂದಲ್ಲ, ಸಣ್ಣ ಹಲ್ಲುಗಾಲಿಗಳಿಂದ ನೇರವಾಗಿ ತಿರುಗುತ್ತವೆ. ಮುಳ್ಳಿಗೊಂದು ದಾರಿ, ಅಂಕಿಗೊಂದು ದಾರಿ, ಎರಡಕ್ಕೂ ಕೇಬಲ್ ಒಂದೇ. ಇದೊಂದು ನೆನಪಿನಲ್ಲಿದ್ದರೆ ಅರ್ಧ ರೋಗ ಗಾಡಿ ಬಿಚ್ಚದೆಯೇ ಸಿಗುತ್ತದೆ.

ಬಿಚ್ಚುವ ಮೊದಲು ನೋಡುವುದು

ಗಾಡಿ ಓಡಿಸಿ ಮುಳ್ಳನ್ನೂ ಅಂಕಿಯನ್ನೂ ನೋಡಿ.

1. ಮುಳ್ಳೂ ಇಲ್ಲ, ಅಂಕಿಯೂ ಇಲ್ಲ: ಕೇಬಲ್ ತುಂಡಾಗಿರಬೇಕು ಅಥವಾ ಹಬ್‌ನ ಗೇರ್ ಹೋಗಿರಬೇಕು. ಹೆಚ್ಚಾಗಿ ಕೇಬಲ್ಲೇ.

2. ಅಂಕಿ ಓಡುತ್ತದೆ, ಮುಳ್ಳು ಏಳುವುದಿಲ್ಲ: ಕೇಬಲ್ ಸರಿ ಇದೆ. ತೊಂದರೆ ಮೀಟರಿನ ಮುಳ್ಳಿನ ಕಡೆ.

3. ಮುಳ್ಳು ಏಳುತ್ತದೆ, ಅಂಕಿ ಓಡುವುದಿಲ್ಲ: ಕೇಬಲ್ ಸರಿ ಇದೆ. ಅಂಕಿಯ ಹಲ್ಲುಗಾಲಿ ಸವೆದಿದೆ.

4. ಮುಳ್ಳು ಗಡಗಡ ನಡುಗುತ್ತದೆ, ಕಿರ್ ಕಿರ್ ಸದ್ದು ಬರುತ್ತದೆ: ಕೇಬಲ್ ಒಣಗಿದೆ ಅಥವಾ ಎಲ್ಲೋ ಜಾಸ್ತಿ ಬಾಗಿದೆ. ಇನ್ನೂ ತುಂಡಾಗಿಲ್ಲ, ಆಗುವುದಿದೆ. ಈಗಲೇ ಗ್ರೀಸ್ ಹಾಕಿದರೆ ಉಳಿಯಬಹುದು.

ಎರಡನೆಯದು ಮತ್ತು ಮೂರನೆಯದು ಆಗಿದ್ದರೆ ಹೊಸ ಕೇಬಲ್ ತಂದು ಪ್ರಯೋಜನವಿಲ್ಲ.

ಸುಳ್ಳು ಸುತ್ತು

ಮೊದಲನೆಯದಾಗಿದ್ದರೆ ಮೀಟರಿನ ಕಡೆ ಕೇಬಲ್ ನಟ್ ಬಿಚ್ಚಿ. ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿದರೆ ಮುಂದಿನ ಚಕ್ರ ಏಳುತ್ತದೆ. ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿ ಇನ್ನರಿನ ತುದಿ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ತೊಂದರೆ ಕೇಬಲಿನಲ್ಲೋ ಹಬ್‌ನಲ್ಲೋ ಇದೆ. ತಿರುಗಿದರೆ ಕೇಬಲ್ ಸರಿ ಇದೆ ಅಂತ ಬಹಳ ಜನ ಅಲ್ಲಿಗೇ ಬಿಡುತ್ತಾರೆ. ಅಲ್ಲಿ ಒಂದು ಮೋಸ ಇದೆ.

ಹೋದ ಅವರೆ ಸುಗ್ಗಿಯಲ್ಲಿ ನನ್ನ 2004ರ ಹೀರೋ ಹೊಂಡಾ ಸ್ಪ್ಲೆಂಡರ್‌ಗೆ ಆದದ್ದು ಇದೇ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟುವಾಗ ಮುಳ್ಳು ಕುಣಿಯಲು ಶುರುವಾಯಿತು. ಶೇಷಾದ್ರಿಪುರಂನ ನೆಹರು ಸರ್ಕಲ್ ಹತ್ತಿರ ಬರುವಾಗ ಮುಳ್ಳೂ ಮಲಗಿತ್ತು, ಅಂಕಿಯೂ ನಿಂತಿತ್ತು. ಕಾಯಿ ಕೊಟ್ಟು ಮುಗಿಸಿ ಹತ್ತಿರದ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಮೇಲಿನ ನಟ್ ಬಿಚ್ಚಿ, ಚಕ್ರ ತಿರುಗಿಸಿ, "ಕೇಬಲ್ ತಿರುಗ್ತಾ ಇದೆ ಯಜಮಾನ್ರೆ, ಮೀಟರೇ ಹೋಗಿದೆ, ಹೊಸದು ಹಾಕ್ಬೇಕು" ಅಂದರು. ನೋಡಿ ಹೇಳುತ್ತೇನೆ ಅಂತ ಗಾಡಿಯನ್ನು ತಮ್ಮನ ಮನೆಗೆ ತಂದೆ.

ತಮ್ಮನ ಮಗನನ್ನು ಹಿಂದೆ ಕೂರಿಸಿ ನಾನೂ ಚಕ್ರ ತಿರುಗಿಸಿದೆ. ತುದಿ ತಿರುಗುತ್ತಲೇ ಇತ್ತು. "ದೊಡ್ಡಪ್ಪ, ಅವರು ಹೇಳಿದ್ದು ಸರಿಯಾಗೇ ಇದೆಯಲ್ಲ" ಅಂದ. ತುದಿಯನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಡಿದು ಮತ್ತೆ ಚಕ್ರ ತಿರುಗಿಸಿದೆ. ತುದಿ ನಿಂತಿತು, ಚಕ್ರ ಮಾತ್ರ ತಿರುಗುತ್ತಿತ್ತು.

ಇನ್ನರನ್ನು ಮೇಲಿನಿಂದ ಎಳೆದೆವು. ಮುಕ್ಕಾಲು ಭಾಗ ಬಂತು, ಉಳಿದ ಗೇಣುದ್ದ ತುಂಡು ಕೆಳಗೇ ಉಳಿಯಿತು. ಒಳಗೆ ತುಂಡಾದ ಎರಡು ತುದಿಗಳು ಒಂದಕ್ಕೊಂದು ಉಜ್ಜಿಕೊಂಡು, ಕೆಳಗಿನ ತುಂಡು ಮೇಲಿನದನ್ನು ತಿರುಗಿಸುತ್ತಿತ್ತು. ಬರಿಯ ತುದಿಯನ್ನು ತಿರುಗಿಸಲು ಆ ಉಜ್ಜಾಟ ಸಾಕು. ಮೀಟರಿನ ಭಾರ ಬಿದ್ದರೆ ಜಾರಿಹೋಗುತ್ತದೆ. ಆದ್ದರಿಂದ ತುದಿ ತಿರುಗಿದರೆ ಸಾಲದು, ಬೆರಳಲ್ಲಿ ಹಿಡಿದಾಗಲೂ ಬೆರಳನ್ನು ತಳ್ಳಿಕೊಂಡು ತಿರುಗಬೇಕು. ಹೊಸ ಮೀಟರಿನ ದುಡ್ಡು ಉಳಿದದ್ದು ಈ ಬೆರಳಿನ ಪರೀಕ್ಷೆಯಿಂದ.

ಇನ್ನರ್ ಪೂರಾ ಒಂದೇ ತುಂಡಾಗಿ ಬಂದರೆ ಹಬ್ ಕಡೆ ನೋಡಿ. ಕೆಳಗಿನ ಸ್ಕ್ರೂ ಬಿಚ್ಚಿ ಕೇಬಲ್ ಹೊರಗೆ ತೆಗೆದು, ಚಕ್ರ ತಿರುಗಿಸುತ್ತಾ ಆ ತೂತಿನೊಳಗೆ ಟಾರ್ಚ್ ಬಿಡಿ. ಒಳಗಿನ ಗೇರ್ ತಿರುಗಬೇಕು. ತಿರುಗದಿದ್ದರೆ ಹಲ್ಲು ಸವೆದಿದೆ ಅಥವಾ ಗೇರನ್ನು ತಿರುಗಿಸುವ ತಗಡಿನ ಕಿವಿ ಮುರಿದಿದೆ. ಅದಕ್ಕೆ ಚಕ್ರ ಬಿಚ್ಚಬೇಕು.

ಮೀಟರ್ ಬಿಗಿಯಾಗಿದೆಯೇ?

ಹೊಸ ಕೇಬಲ್ ಹಾಕುವ ಮೊದಲು ಇದನ್ನು ನೋಡಲೇಬೇಕು. ಹಳೇ ಇನ್ನರಿನ ಒಳ್ಳೇ ತುದಿ ಇರುವ ತುಂಡನ್ನು ಮೀಟರಿನ ಕೆಳಗಿನ ತೂತಿಗೆ ಕೂರಿಸಿ ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು, ಚುರುಕಾಗಿ ತಿರುಗಿಸಿದರೆ ಮುಳ್ಳು ಸ್ವಲ್ಪವಾದರೂ ಅಲುಗಬೇಕು. ಬಿಗಿಯಾಗಿದ್ದರೆ ಕೇಬಲ್ ತುಂಡಾಗಲು ಮೀಟರೇ ಕಾರಣ. ಅದಕ್ಕೆ ಹೊಸ ಕೇಬಲ್ ಹಾಕಿದರೆ ಅದೂ ಬೇಗ ತುಂಡಾಗುತ್ತದೆ. ಮೊದಲು ಮೀಟರ್ ರಿಪೇರಿ, ಆಮೇಲೆ ಕೇಬಲ್.

ನಮ್ಮ ಗಾಡಿಯಲ್ಲಿ ಮೀಟರ್ ಸಲೀಸಾಗಿತ್ತು. ಕೇಬಲ್ ತುಂಡಾದ ಕಾರಣ ಹೊರಗೇ ಕಾಣುತ್ತಿತ್ತು. ಫೋರ್ಕ್ ಹತ್ತಿರ ಔಟರಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿತ್ತು. ಅಲ್ಲಿಂದ ನೀರು, ಮಣ್ಣು ಒಳಗೆ ಹೋಗಿ ಇನ್ನರ್ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದ ಕಡೆಯೇ ತುಂಡಾಗಿತ್ತು. ನಮ್ಮ ಗಾಡಿಗಳು ಕೆಸರಿನ ದಾರಿಯಲ್ಲಿ ಓಡಾಡಿ ಕೊಟ್ಟಿಗೆಯಲ್ಲಿ ನಿಲ್ಲುವುದರಿಂದ ಇದು ಸಾಮಾನ್ಯ. ಇಲಿ ಕಡಿದರೂ ಹೀಗೇ ಆಗುತ್ತದೆ.

ಕೇಬಲ್ ತರುವಾಗ

ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳ ಸಾಲೇ ಇದೆ. ಓಡಾಟದಲ್ಲಿರುವ ಬೈಕುಗಳ ಕೇಬಲ್ ತಾಲ್ಲೂಕು ಪಟ್ಟಣದಲ್ಲೂ ಸಿಗುತ್ತದೆ. ಎಲ್ಲಿಗೆ ಹೋದರೂ ಹಳೇ ಕೇಬಲನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಗಾಡಿ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನ ಗಾಡಿಯಲ್ಲೂ ವರ್ಷದಿಂದ ವರ್ಷಕ್ಕೆ ಕೇಬಲ್ ಬದಲಾಗಿರುತ್ತದೆ. ಮೂರು ವಿಷಯ ಹೋಲಿಸಿ: ಉದ್ದ, ಇನ್ನರಿನ ಎರಡೂ ತುದಿಗಳ ಆಕಾರ, ಮೀಟರ್ ಕಡೆಯ ನಟ್ಟಿನ ಅಳತೆ. ಉದ್ದ ಕಡಿಮೆಯಾದರೆ ಹ್ಯಾಂಡಲ್ ತಿರುಗಿಸಿದಾಗ ಎಳೆಯುತ್ತದೆ. ಜಾಸ್ತಿಯಾದರೆ ಮಡಿಸಿಕೊಂಡು ನಿಲ್ಲುತ್ತದೆ. ಎರಡರಲ್ಲೂ ಆಯಸ್ಸು ಕಡಿಮೆ.

ಹಾಕುವ ಕ್ರಮ

ಬೇಕಾಗುವುದು ಸ್ಟಾರ್ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಬಟ್ಟೆ ಚೂರು, ಸ್ವಲ್ಪ ಗ್ರೀಸ್.

ಹಳೇ ಕೇಬಲ್ ತೆಗೆಯುವ ಮೊದಲು ಅದು ಎಲ್ಲೆಲ್ಲಿ ಹಾದುಹೋಗಿದೆ, ಯಾವ ಕೊಂಡಿಯಲ್ಲಿ ತೂರಿದೆ ಎಂದು ನೋಡಿಟ್ಟುಕೊಳ್ಳಿ. ಹೊಸದೂ ಅದೇ ದಾರಿಯಲ್ಲಿ ಹೋಗಬೇಕು. ಕೆಳಗಡೆ ಬ್ರೇಕ್ ಪ್ಲೇಟಿನಲ್ಲಿ ಒಂದು ಸ್ಕ್ರೂ ಕೇಬಲನ್ನು ಹಿಡಿದಿರುತ್ತದೆ. ಕೆಸರು ಕಟ್ಟಿದ್ದರೆ ಮೊದಲು ತೊಳೆದು, ಒಂದೆರಡು ತೊಟ್ಟು ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ. ಸ್ಕ್ರೂ ತಲೆ ಸವೆದರೆ ಅರ್ಧ ಗಂಟೆಯ ಕೆಲಸ ಅರ್ಧ ದಿನವಾಗುತ್ತದೆ. ಮೇಲಿನ ನಟ್ಟಿಗೆ ಕೈ ಹೋಗದಿದ್ದರೆ ಹೆಡ್‌ಲೈಟ್ ಡೂಮ್ ಬಿಚ್ಚಿ ಮುಂದಕ್ಕೆ ಸರಿಸಬೇಕಾಗುತ್ತದೆ. ಅದರ ವೈರುಗಳನ್ನು ಎಳೆಯಬೇಡಿ.

ಹೊಸ ಕೇಬಲಿನ ಇನ್ನರನ್ನು ಹೊರಗೆ ಎಳೆದು ಬಟ್ಟೆಯಲ್ಲಿ ಗ್ರೀಸ್ ಸವರಿ, ತೆಳ್ಳಗೆ. ಮೀಟರ್ ಕಡೆಯ ಅರ್ಧ ಅಡಿಗೆ ಗ್ರೀಸ್ ಬೇಡ, ಒಣಗಿದ್ದೇ ಇರಲಿ. ಇನ್ನರ್ ಸುತ್ತಿದ ತಂತಿಯಾದ್ದರಿಂದ ತಿರುಗುವಾಗ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಅದು ಮೀಟರಿನೊಳಗೆ ಹೋಗಿ ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಮೆತ್ತಿಕೊಂಡರೆ ಮುಳ್ಳು ಬಾಯಿಗೆ ಬಂದ ವೇಗ ಹೇಳುತ್ತದೆ. ಎಂಜಿನ್ ಆಯಿಲ್ ಅಂತೂ ಹಾಕಲೇಬೇಡಿ, ಅದು ನಿಲ್ಲದೆ ಕೆಳಗೆ ಹರಿದು ಬ್ರೇಕ್ ಡ್ರಮ್ಮಿಗೆ ಸೇರಬಹುದು.

ಮೊದಲು ಮೇಲಿನ ತುದಿ. ಚೌಕ ಮೀಟರಿನ ತೂತಿನಲ್ಲಿ ಕೂತ ಮೇಲೆ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ. ಪ್ಲೇಯರಿನಲ್ಲಿ ತಿರುಚಿದರೆ ನೂಲು ಹಾಳಾಗುತ್ತದೆ. ಆಮೇಲೆ ಕೆಳಗಿನ ತುದಿಯನ್ನು ಹಬ್‌ಗೆ ತೂರಿಸಿ ಚಕ್ರವನ್ನು ನಿಧಾನವಾಗಿ ತಿರುಗಿಸಿ. ತುದಿ ತನ್ನ ಗಾಡಿಗೆ ಬಂದಾಗ ಟಕ್ ಅಂತ ಒಳಗೆ ಕೂರುತ್ತದೆ. ಕೂರುವ ಮೊದಲೇ ಸ್ಕ್ರೂ ಬಿಗಿ ಮಾಡಿದರೆ ಇನ್ನರ್ ಒಳಗೇ ಬಾಗಿಕೊಳ್ಳುತ್ತದೆ. ರಬ್ಬರ್ ವಾಷರ್ ಇದ್ದರೆ ಮರೆಯದೆ ಹಾಕಿ, ನೀರು ತಡೆಯುವುದು ಅದೇ.

ಕೊನೆಗೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರಾ ತಿರುಗಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಒತ್ತಿ ನೋಡಿ. ಕೇಬಲ್ ಎಲ್ಲೂ ಎಳೆಯಬಾರದು, ಟೈರಿಗೆ ತಾಗಬಾರದು, ಕಿರಿದಾಗಿ ಮಡಿಸಿಕೊಳ್ಳಬಾರದು. ಮೂಟೆ ಕಟ್ಟುವ ಹಗ್ಗ ಅದರ ಮೇಲೆ ಹಾಯದಿರಲಿ.

ಬೇರೆ ಗಾಡಿಗಳಲ್ಲಿ

ಬಜಾಜ್ ಚೇತಕ್‌ನಂಥ ಹಳೇ ಗೇರ್ ಸ್ಕೂಟರಿನಲ್ಲಿ ಕೇಬಲ್ ಹ್ಯಾಂಡಲ್ ಕಂಬದ ಒಳಗೆ ಹಾದುಹೋಗುತ್ತದೆ. ಹಳೇ ಕೇಬಲಿನ ತುದಿಗೆ ಗಟ್ಟಿ ದಾರ ಕಟ್ಟಿ ಎಳೆದು, ಚಡ್ಡಿಗೆ ಲಾಡಿ ಪೋಣಿಸುವ ಹಾಗೆ ಅದೇ ದಾರದಲ್ಲಿ ಹೊಸದನ್ನು ಎಳೆದುಕೊಳ್ಳಬೇಕು. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲಿ ಮೀಟರ್ ತಿರುಗುವುದು ಗೇರ್‌ಬಾಕ್ಸ್ ಕಡೆಯಿಂದ. ಹಳೇ ಜೀಪಿನಲ್ಲೂ ಗೇರ್‌ಬಾಕ್ಸಿನ ಹಿಂಭಾಗದಿಂದ. ಜಾಗ ಬೇರೆ, ಪರೀಕ್ಷೆ ಒಂದೇ. ಸೆನ್ಸರ್ ಇರುವ ಈಗಿನ ಹೊಸ ಗಾಡಿಗಳಿಗೆ ಮಾತ್ರ ಈ ಮಾತು ಹೊಂದುವುದಿಲ್ಲ.

ಹಳೇ ಟ್ರ್ಯಾಕ್ಟರಿನ ಗಂಟೆ ಮೀಟರನ್ನೂ ಎಷ್ಟೋ ಮಾಡೆಲುಗಳಲ್ಲಿ ಇಂಥದೇ ಕೇಬಲ್ ಎಂಜಿನ್ ಕಡೆಯಿಂದ ತಿರುಗಿಸುತ್ತದೆ. ಇದು ಗಡಿಯಾರದ ಗಂಟೆ ಅಲ್ಲ, ಎಂಜಿನ್ ಸುತ್ತಿನ ಲೆಕ್ಕ. 1500 ಸುತ್ತಿನ ವೇಗಕ್ಕೆ ಒಂದು ಗಂಟೆ ಎಂದು ಹೊಂದಿಸಿದ ಮೀಟರ್, ಎಂಜಿನ್ 1800ರಲ್ಲಿ ಉತ್ತರೆ ಗಡಿಯಾರದ ಒಂದು ಗಂಟೆಗೆ 1.2 ಗಂಟೆ ತೋರಿಸುತ್ತದೆ. ಯಾವ ವೇಗಕ್ಕೆ ಹೊಂದಿಸಿದೆ ಎಂದು ಟ್ರ್ಯಾಕ್ಟರ್ ಪುಸ್ತಕದಲ್ಲಿ ಇರುತ್ತದೆ. ಬಾಡಿಗೆಗೆ ಕರೆಯುವವರು, ಹೋಗುವವರು ಗಡಿಯಾರವೋ ಮೀಟರೋ ಎಂದು ಮೊದಲೇ ಮಾತಾಡಿಕೊಂಡರೆ ಸಂಜೆ ಜಗಳ ಇರುವುದಿಲ್ಲ.

ಹಾಕಿದ ಮೇಲೆ ಪರೀಕ್ಷೆ

ಹೆದ್ದಾರಿಯ ಕಿ.ಮೀ. ಕಲ್ಲುಗಳೇ ನಮ್ಮ ಅಳತೆ ಕೋಲು. ರಾಷ್ಟ್ರೀಯ ಹೆದ್ದಾರಿ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು ತಲೆ. ಒಂದು ಕಲ್ಲಿನ ಹತ್ತಿರ ಅಂಕಿ ಬರೆದುಕೊಂಡು ಐದು ಕಲ್ಲು ದಾಟಿ ನೋಡಿ, ಅಂಕಿ 5 ಮುಂದೆ ಹೋಗಿರಬೇಕು. ಮುಂದಿನ ಟೈರ್ ಸವೆದಿದ್ದರೆ ಸುತ್ತಳತೆ ಕಡಿಮೆಯಾಗಿ ಮೀಟರ್ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಮುಳ್ಳಿನ ಪರೀಕ್ಷೆಗೆ ಹಿಂದೆ ಕೂತವರು ಗಡಿಯಾರ ನೋಡಲಿ: 40ರಲ್ಲೇ ಹಿಡಿದು ಓಡಿಸಿದರೆ ಒಂದು ಕಿ.ಮೀ.ಗೆ 90 ಸೆಕೆಂಡು, 60ರಲ್ಲಿ 60 ಸೆಕೆಂಡು.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಇನ್ನರ್ ಹೊರಗೆ ತೆಗೆದು ಒರೆಸಿ ಗ್ರೀಸ್ ಸವರಿ. ಕೇಬಲ್ ಬದಲಿಸಿದ ದಿನದ ಅಂಕಿಯನ್ನು ಪುಸ್ತಕದಲ್ಲಿ ಬರೆಯಿರಿ. ಮೀಟರ್ ನಿಂತ ಮೇಲೆ ಓಡಿದ ದಾರಿಯನ್ನೂ ಅಂದಾಜಿನಲ್ಲಿ ಪಕ್ಕಕ್ಕೆ ಬರೆದಿಟ್ಟರೆ ಆಯಿಲ್ ಲೆಕ್ಕ ತಪ್ಪುವುದಿಲ್ಲ. ಮುಂದಿನ ಸಲ ಪೆಟ್ರೋಲ್ ಹಾಕಿಸಿದಾಗಿನಿಂದ ಕಿಲೋ ಮಾಲಿಗೆ ಎಷ್ಟು ಸಾಗಣೆ ಬೀಳುತ್ತದೆ ಎಂದು ನೀವೇ ಹಾಕಿ ನೋಡಿ. ಯಾವ ಮಾಲನ್ನು ಪಟ್ಟಣಕ್ಕೆ ಒಯ್ಯಬೇಕು, ಯಾವುದನ್ನು ಊರಿನಲ್ಲೇ ಕೊಡಬೇಕು ಎಂದು ಆ ಲೆಕ್ಕವೇ ಹೇಳುತ್ತದೆ.